ಕೆರೆ ದೊಡ್ಡದು, ತೂಬು ಚಿಕ್ಕದು

ರಸ್ತೆ, ಸೇತುವೆ, ಚರಂಡಿಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ನಿವೃತ್ತ ಎಂಜಿನಿಯರ್ ಒಬ್ಬರು ಉತ್ತರಿಸುವ ಅಂಕಣ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆಯದೇ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಸಹಕಾರನಗರದ ನಿವೃತ್ತ ಶಿಕ್ಷಕ. 2025ರ ಆಗಸ್ಟ್‌ನಲ್ಲಿ ಹೆಬ್ಬಾಳದಲ್ಲಿ ಹೊಸ ಲೂಪ್ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಈಗ ಹೆಬ್ಬಾಳ ದಾಟುವುದು ಮೊದಲಿಗಿಂತ ಹಗುರ. ಆದರೆ ಮುಂದೆ ಮೇಖ್ರಿ ವೃತ್ತದ ಬಳಿ ವಾಹನಗಳ ಸಾಲು ಬೆಳೆದಿದೆ. ಕಾಯಿಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದಂತೆ ಆಗಲಿಲ್ಲವೇ? 2003ರಲ್ಲೇ ಇದನ್ನು ಸರಿಯಾಗಿ ಕಟ್ಟಬಾರದಿತ್ತೇ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. 2003ರಲ್ಲಿ ಆ ಮೇಲ್ಸೇತುವೆ ತೆರೆದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹೊರವರ್ತುಲ ರಸ್ತೆಯೂ ಬಳ್ಳಾರಿ ರಸ್ತೆಯೂ ಕೂಡುವ ಜಾಗ, ಪಕ್ಕದಲ್ಲಿ ಕೆರೆ, ಅಡ್ಡಲಾಗಿ ರೈಲು ಹಳಿ. ವಾಹನಗಳು ಏರಿಳಿಯುವ ಎಲ್ಲ ಕೈಗಳನ್ನೂ ಸೇರಿಸಿದರೆ ಐದು ಕಿಲೋಮೀಟರಿಗೂ ಮಿಕ್ಕಿದ ಉದ್ದ. ಭಾನುವಾರ ಸಂಜೆ ಜನ ಮಕ್ಕಳನ್ನು ಕರೆದುಕೊಂಡು ಸೇತುವೆ ನೋಡಲು ಬರುತ್ತಿದ್ದರು. ಅಂದು ಅದು ಖಾಲಿ ಖಾಲಿಯಾಗಿತ್ತು. ‘ಇಷ್ಟು ದೊಡ್ಡದು ಯಾಕೆ ಬೇಕಿತ್ತು’ ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದೂ ಉಂಟು.

ದೇವನಹಳ್ಳಿಯ ವಿಮಾನ ನಿಲ್ದಾಣದ ಕಾಮಗಾರಿ ಶುರುವಾದದ್ದು 2005ರಲ್ಲಿ, ವಿಮಾನ ಹಾರಿದ್ದು 2008ರ ಮೇ ತಿಂಗಳಿನಲ್ಲಿ. ಅಲ್ಲಿಯವರೆಗೆ ಪೂರ್ವದಲ್ಲಿ ಎಚ್‌ಎಎಲ್‌ನ ಹಳೆಯ ವಿಮಾನ ನಿಲ್ದಾಣದ ಕಡೆಗೆ ಹೋಗುತ್ತಿದ್ದ ಊರಿನ ವಿಮಾನ ಪ್ರಯಾಣಿಕರೆಲ್ಲ ಒಂದೇ ರಾತ್ರಿಯಲ್ಲಿ ಉತ್ತರಕ್ಕೆ ತಿರುಗಿದರು. 2024-25ರ ಒಂದೇ ವರ್ಷದಲ್ಲಿ ಆ ನಿಲ್ದಾಣವನ್ನು ಬಳಸಿದವರು ನಾಲ್ಕು ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ರಸ್ತೆಯಲ್ಲೇ ಹೋಗಿ ಬರುತ್ತಾರೆ. ಇದರ ಜೊತೆಗೆ ಹೊರವರ್ತುಲ ರಸ್ತೆಯ ಉದ್ದಕ್ಕೂ ತಂತ್ರಾಂಶ ಕಚೇರಿಗಳು ಬೆಳೆದವು, ಯಲಹಂಕದ ಕಡೆ ಬಡಾವಣೆಗಳು ಬೆಳೆದವು. ವಿಮಾನ ನಿಲ್ದಾಣ ಬರುತ್ತದೆಂಬುದು ಸೇತುವೆ ಕಟ್ಟುವಾಗಲೇ ಗೊತ್ತಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಗೊತ್ತಿದ್ದ ಮೇಲೆ ಅದರ ಜೊತೆಗೇ ರೈಲು ಹಾಕಬೇಕಿತ್ತು. ನನ್ನ ಪ್ರಕಾರ ಆಗಿನ ತಪ್ಪು ಸೇತುವೆಯ ಅಳತೆಯದಲ್ಲ. ಒಂದು ಮಹಾನಗರದ ವಿಮಾನ ನಿಲ್ದಾಣವನ್ನು ಒಂದೇ ಒಂದು ರಸ್ತೆಯ ತುದಿಗೆ ಕಟ್ಟಿಹಾಕಿ ರೈಲನ್ನು ಮುಂದಕ್ಕೆ ತಳ್ಳಿದ್ದು ತಪ್ಪು. ಕೆ.ಆರ್. ಪುರದಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ನೀಲಿ ಮಾರ್ಗದ ಕೆಲಸ ನಡೆಯುತ್ತಿರುವುದು ಈಗ.

ಇನ್ನು ಕಾಯಿಲೆ ಸಾಗಿಸಿದ ಮಾತು. ನಮ್ಮ ಊರು ಚಿಕ್ಕಬಳ್ಳಾಪುರದ ಕಡೆ. ನನ್ನ ತಾತ ಊರ ಕೆರೆಯ ನೀರಗಂಟಿಯಾಗಿದ್ದರು. ತೂಬಿನ ಬಿರಡೆ ಎತ್ತುವುದು, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವುದು ಅವರ ಕೆಲಸ. ಕೆರೆ ಕೋಡಿ ಬಿದ್ದ ವರ್ಷವೂ ತೂಬಿನಿಂದ ಹೊರಗೆ ಹೋಗುವುದು ಅದರ ಕಿಂಡಿಗೆ ಹಿಡಿಸುವಷ್ಟೇ ನೀರು ಎಂದು ಅವರು ಹೇಳುತ್ತಿದ್ದರು. ಹೆಬ್ಬಾಳದ ಸ್ಥಿತಿಯೂ ಅದೇ. ವಿಮಾನ ನಿಲ್ದಾಣದ ಕಡೆಯಿಂದ, ಯಲಹಂಕದಿಂದ, ಕೆ.ಆರ್. ಪುರದಿಂದ, ತುಮಕೂರು ರಸ್ತೆಯ ಕಡೆಯಿಂದ ಬರುವ ಸಾಲುಗಳನ್ನು ಕೂಡಿಸಿ ನೋಡಿ. ನಗರದೊಳಗೆ ಹೋಗಲು ಸೇತುವೆಯ ಮೇಲೆ ಇರುವ ಸಾಲುಗಳು ಅದಕ್ಕಿಂತ ಕಡಿಮೆ. 2014ರಲ್ಲಿ ವಿಮಾನ ನಿಲ್ದಾಣದ ಎತ್ತರಿಸಿದ ರಸ್ತೆ ತೆರೆಯಿತು. ನಡುವಿನ ಸಿಗ್ನಲ್‌ಗಳು ತಪ್ಪಿದವು, ವಾಹನಗಳು ಹೆಬ್ಬಾಳಕ್ಕೆ ಇನ್ನೂ ಬೇಗ ಬಂದು ನಿಂತವು. ಕಾಲುವೆಯನ್ನು ಅಗಲ ಮಾಡಿದರು, ತೂಬು ಇದ್ದಷ್ಟೇ ಉಳಿಯಿತು.

ಹೊಸ ಲೂಪ್ ಏನು ಮಾಡಿತು? ಕೆ.ಆರ್. ಪುರದ ಕಡೆಯಿಂದ ಬಂದವರು ಮೊದಲು ವಿಮಾನ ನಿಲ್ದಾಣದ ಕಡೆಯ ವಾಹನಗಳ ನಡುವೆ ನುಗ್ಗಿಯೇ ನಗರದ ದಾರಿ ಹಿಡಿಯಬೇಕಿತ್ತು. ಈಗ ಅವರಿಗೆ ಸುಮಾರು 700 ಮೀಟರ್ ಉದ್ದದ ಸ್ವಂತ ದಾರಿ ಸಿಕ್ಕಿದೆ. ಅದು ವ್ಯರ್ಥವಲ್ಲ. ನುಗ್ಗಾಟದ ಜಾಗದಲ್ಲಿ ಒಂದು ಕಾರು ಬ್ರೇಕ್ ಒತ್ತಿದರೆ ಹಿಂದಿನದು ಇನ್ನೂ ಜೋರಾಗಿ ಒತ್ತುತ್ತದೆ, ಅದರ ಹಿಂದಿನದು ನಿಂತೇಬಿಡುತ್ತದೆ. ಆ ಅಲೆ ಹಿಮ್ಮುಖವಾಗಿ ಕೊಡಿಗೇಹಳ್ಳಿಯವರೆಗೂ ಹೋಗುತ್ತದೆ. ನುಗ್ಗಾಟ ಕಡಿಮೆ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಎರಡೂ ಸಾಲುಗಳು ಸೇರುವುದು ಕೊನೆಗೆ ಅದೇ ಬಳ್ಳಾರಿ ರಸ್ತೆಗೆ. ಮೇಖ್ರಿ ವೃತ್ತದ ಅಗಲ ಹೆಚ್ಚಿಲ್ಲ. ಮೇಲಿನ ಬಿರಡೆ ಸಡಿಲವಾದರೆ ಕೆಳಗಿನ ಇಕ್ಕಟ್ಟು ಕಣ್ಣಿಗೆ ಬೀಳುತ್ತದೆ, ನೀವು ನೋಡಿರುವುದು ಅದನ್ನೇ.

ತಾತನ ಇನ್ನೊಂದು ಪಾಠವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲರ ಗದ್ದೆಗೂ ಒಟ್ಟಿಗೆ ನೀರು ಬಿಟ್ಟರೆ ಬದು ಒಡೆದು ಯಾರಿಗೂ ಸಾಲದು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹೆದ್ದಾರಿ ಸೇರುವ ಕೈಗಳ ಬಾಯಲ್ಲಿ ಸಣ್ಣ ಸಿಗ್ನಲ್ ಇಟ್ಟು, ಒಂದೊಂದೇ ವಾಹನವನ್ನು ಬಿಡುತ್ತಿದ್ದರು. ಸುಮ್ಮನೆ ಕಾಯಿಸುತ್ತಾರೆ ಎಂದು ಜನ ದೂರಿದಾಗ, 2000ನೇ ಇಸವಿಯ ಕೊನೆಯಲ್ಲಿ 430ರಷ್ಟು ಸಿಗ್ನಲ್‌ಗಳನ್ನು ಕೆಲವು ವಾರ ಆರಿಸಿ ನೋಡಿದರು. ಹೆದ್ದಾರಿಯಲ್ಲಿ ಸಾಗುವ ವಾಹನಗಳು ಶೇ 9ರಷ್ಟು ಇಳಿದವು, ಅಪಘಾತಗಳು ಶೇ 26ರಷ್ಟು ಏರಿದವು. ಸಿಗ್ನಲ್‌ಗಳನ್ನು ಮತ್ತೆ ಹಚ್ಚಿದರು. ಹೆಬ್ಬಾಳದ ಪ್ರತಿ ಕೈಗೂ ಇಂಥ ಒಬ್ಬ ನೀರಗಂಟಿ ಬೇಕು. ಅದಕ್ಕೆ ಕಾಂಕ್ರೀಟ್ ಬೇಡ, ಶಿಸ್ತು ಬೇಕು, ಕೋಟಿಗಟ್ಟಲೆ ಹಣವೂ ಬೇಡ. ಇದನ್ನು ಸೇವೆಯಲ್ಲಿದ್ದಾಗ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಚೆನ್ನೈನ ಕತಿಪಾರದಲ್ಲಿ ನಾಲ್ಕು ಎಲೆಯ ಕ್ಲೋವರ್ ಮಾದರಿ ಇದೆ. ಹೆಬ್ಬಾಳವನ್ನೂ ಪೂರ್ತಿ ಕೆಡವಿ ಹಾಗೆ ಕಟ್ಟಬಹುದಲ್ಲವೇ ಮೇಡಂ?

ಉತ್ತರ: ನಾಲ್ಕು ಸುತ್ತುದಾರಿಗಳು ನಾಲ್ಕು ಎಲೆಗಳಂತೆ ಹರಡುವ ಈ ಆಕಾರ ಕಾಗದದ ಮೇಲೆ ರಂಗೋಲಿಯಂತೆ ಕಾಣುತ್ತದೆ. ಓದುವ ದಿನಗಳಲ್ಲಿ ನಾನೂ ಅದಕ್ಕೆ ಮನಸೋತವಳೇ. ಅಮೆರಿಕದಲ್ಲಿ ಮೊದಲನೆಯದು ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ 1929ರಲ್ಲೇ ಬಂತು. ಆದರೆ ಎರಡು ಎಲೆಗಳ ನಡುವಿನ ತುಂಡು ದಾರಿಯನ್ನು ಗಮನಿಸಿ. ಒಂದು ಎಲೆಯಿಂದ ಇಳಿದವನು ಎಡದಿಂದ ಬಲಕ್ಕೆ ಸರಿಯಬೇಕು, ಮುಂದಿನ ಎಲೆಗೆ ಹೋಗುವವನು ಬಲದಿಂದ ಎಡಕ್ಕೆ ಸರಿಯಬೇಕು. ಇಬ್ಬರಿಗೂ ಇರುವುದು ಅದೇ ಚಿಕ್ಕ ಜಾಗ. ಜಡೆ ಹೆಣೆದಂತೆ ವಾಹನಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ವಾಹನ ಕಡಿಮೆಯಿದ್ದಾಗ ಜಡೆ ಸಲೀಸು, ಹೆಚ್ಚಾದಾಗ ಸಿಕ್ಕು. ಅದಕ್ಕೇ ಹೊರದೇಶಗಳಲ್ಲಿ ಹಳೆಯ ಕ್ಲೋವರ್‌ಗಳ ಎಲೆ ಕಿತ್ತು, ದೂರದಿಂದ ಏರಿ ದೂರಕ್ಕೆ ಇಳಿಯುವ ನೇರ ಕೈಗಳನ್ನು ಕಟ್ಟುತ್ತಿದ್ದಾರೆ. ಹೆಬ್ಬಾಳದಲ್ಲಂತೂ ಎಲೆ ಬಿಡಿಸಲು ಜಾಗವೇ ಇಲ್ಲ. ಒಂದು ಕಡೆ ಕೆರೆ, ನಗರದ ಕಡೆ ರೈಲು ಹಳಿ, ಅದರಾಚೆ ಪಶುವೈದ್ಯಕೀಯ ಕಾಲೇಜಿನ ಮರಗಳು, ಉಳಿದೆಡೆ ಮನೆಗಳು. ಕೆರೆಯ ಅಂಗಳಕ್ಕೆ ಒಂದು ಕಂಬ ಇಳಿಸುವುದಕ್ಕೂ ನಾನು ಒಪ್ಪುವವಳಲ್ಲ.

ಪೂರ್ತಿ ಕೆಡವುವ ಮಾತಂತೂ ಬೇಡ. ಮನೆಯಾದರೆ ಬಾಡಿಗೆ ಮನೆಗೆ ಹೋಗಿ ಹಳೆಯದನ್ನು ಕೆಡವಬಹುದು, ಇಷ್ಟು ವಾಹನಗಳಿಗೆ ಬಾಡಿಗೆ ರಸ್ತೆ ಎಲ್ಲಿಂದ ತರುವುದು? ಅಮೆರಿಕದ ಮಿಲ್ವಾಕೀ ನಗರದ ಮಾರ್ಕೆಟ್ (Marquette) ಇಂಟರ್‌ಚೇಂಜ್ ಎಂಬ ಹೆದ್ದಾರಿ ಕೂಡುರಸ್ತೆ 1968ರಲ್ಲಿ ತೆರೆದದ್ದು. ಅದನ್ನು 2004ರಿಂದ 2008ರವರೆಗೆ ಬುಡಸಮೇತ ಮರುನಿರ್ಮಿಸಿದರು. ಮೊದಲು ಒಂದು ಹೊಸ ಕೈ ಕಟ್ಟುವುದು, ವಾಹನಗಳನ್ನು ಅದರ ಮೇಲೆ ತಿರುಗಿಸುವುದು, ಆಮೇಲೆ ಹಳೆಯ ಕೈ ಇಳಿಸುವುದು, ಹೀಗೆ ಹಂತ ಹಂತವಾಗಿ ಮಾಡುವ ಕೆಲಸ ಅದು. ನಮ್ಮಲ್ಲಿ ಅದೇ ಜಾಗದಲ್ಲಿ ಮೆಟ್ರೋ ಇದೆ, 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿನ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಮಾರ್ಗವಿದೆ, ಸೇತುವೆಯ ಹೊಸ ಕೈಗಳಿವೆ. ಮೂವರೂ ಒಂದೇ ನಕ್ಷೆಯ ಸುತ್ತ ಕುಳಿತು ಕಂಬಗಳ ಜಾಗ ಗುರುತಿಸದಿದ್ದರೆ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಒಡೆಯಬೇಕಾಗುತ್ತದೆ. ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಅಲ್ಲಿ ನಿಂತು ಈ ಕಂಬಗಳ ನಕ್ಷೆ ಬರೆದು ನೋಡು. ಪರೀಕ್ಷೆಗೆ ಬಾರದ ಪಾಠ ಅಲ್ಲಿ ಸಿಗುತ್ತದೆ.

ಪ್ರಶ್ನೆ: ದೇವನಹಳ್ಳಿಯಿಂದ ಟ್ಯಾಕ್ಸಿ ಓಡಿಸುತ್ತೇನೆ. ಮೇಲ್ಸೇತುವೆಗಳನ್ನು ರಾತ್ರಿ ಹೊತ್ತು ಮುಚ್ಚಿ ‘ಜಾಯಿಂಟ್ ರಿಪೇರಿ’ ಎಂದು ಬೋರ್ಡು ಹಾಕುತ್ತಾರೆ. ವಿಮಾನ ತಪ್ಪಿಸಿಕೊಂಡ ಪ್ರಯಾಣಿಕರು ನಮ್ಮನ್ನು ಬೈಯುತ್ತಾರೆ. ಕಾಂಕ್ರೀಟಿನಲ್ಲಿ ಜಾಯಿಂಟ್ ಯಾಕೆ ಬೇಕು, ಒಂದೇ ಅಚ್ಚಿನಲ್ಲಿ ಎರೆಯಬಾರದೇ?

ಉತ್ತರ: ಸೇತುವೆಯ ಮೇಲೆ ಹೋಗುವಾಗ ಚಕ್ರದ ಕೆಳಗೆ ದಡ್ ದಡ್ ಎನ್ನುತ್ತದಲ್ಲ, ಜಾಯಿಂಟ್ ಇರುವುದು ಅಲ್ಲೇ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 100 ಮೀಟರ್ ಉದ್ದದ ತುಂಡು 20 ಡಿಗ್ರಿ ಬಿಸಿಯಾದರೆ ಸುಮಾರು ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಬೆರಳಿನ ಅಗಲದಷ್ಟು ಜಾಗ ಬಿಡದಿದ್ದರೆ ಅದು ಪಕ್ಕದ ತುಂಡನ್ನು ತಳ್ಳಿ ಬಿರುಕು ಬಿಡುತ್ತದೆ. ಆ ಸಂದಿಗೆ ರಬ್ಬರ್ ಪಟ್ಟಿ ಹಾಕಿರುತ್ತಾರೆ. ಒಮ್ಮೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಲಾರಿಗಳಿಂದ ಉದುರಿದ ಮರಳು, ಜಲ್ಲಿ, ಗುಟ್ಕಾ ಪೊಟ್ಟಣ, ಬಾಟಲಿಯ ಮುಚ್ಚಳ ಎಲ್ಲ ಅದರೊಳಗೆ ತುಂಬಿ ಗಟ್ಟಿಯಾಗಿರುತ್ತವೆ. ಹಿಗ್ಗಲು ಜಾಗವಿಲ್ಲ, ರಬ್ಬರ್ ಹರಿಯುತ್ತದೆ, ಮಳೆಯ ನೀರು ಕೆಳಗಿನ ಬೇರಿಂಗಿಗೂ ಕಬ್ಬಿಣಕ್ಕೂ ಇಳಿಯುತ್ತದೆ. ಸೇವೆಯಲ್ಲಿದ್ದಾಗ ನನ್ನ ಜೊತೆಗಿದ್ದ ಗ್ಯಾಂಗಿನವರು ಉದ್ದನೆಯ ಕೊಕ್ಕೆಯಿಂದ ಆ ಸಂದಿ ಕೆರೆದು ತೆಗೆಯುತ್ತಿದ್ದರು. ಒಂದು ಸಂದಿಗೆ ಅರ್ಧ ಬಕೆಟ್ ಕಸ ಬರುತ್ತಿತ್ತು. ಆ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸಲು ಬರುವುದಿಲ್ಲ, ಆದರೆ ಸೇತುವೆಯ ಆಯಸ್ಸು ಇರುವುದು ಅದರಲ್ಲೇ.

ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಬೇಕಾಯಿತು. ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳು ತುಕ್ಕು ಹಿಡಿದಿದ್ದವು. ಭಾರಿ ವಾಹನಗಳು ಮತ್ತೆ ಅದರ ಮೇಲೆ ಹತ್ತಿದ್ದು 2024ರಲ್ಲಿ. ಎರಡು ರಾತ್ರಿ ಮುಚ್ಚಿ ನೋಡಿಕೊಳ್ಳುವುದು ಎರಡು ವರ್ಷ ಮುಚ್ಚುವುದಕ್ಕಿಂತ ಮೇಲು. ಆದರೆ ಯಾವ ರಾತ್ರಿ ಮುಚ್ಚುತ್ತೇವೆಂದು ಮೂರು ದಿನ ಮೊದಲೇ ತಿಳಿಸಬೇಕು. ನಿಮ್ಮ ಸಿಟ್ಟಿನ ಆ ಭಾಗ ನ್ಯಾಯವಾದದ್ದು.

ಪ್ರಶ್ನೆ: ಉಕ್ಕಿನ ಸೇತುವೆಗೆ ಬೇಡ ಎಂದವರು ಈಗ ಸುರಂಗಕ್ಕೂ ಬೇಡ ಎನ್ನುತ್ತಿದ್ದಾರೆ. ಹಾಗಾದರೆ ಊರಿಗೆ ಏನು ಬೇಕು? (ಗಂಗಾನಗರದ ಓದುಗರು)

ಉತ್ತರ: ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರ ಹೋಗಲಿದ್ದವು. 2016ರ ಅಕ್ಟೋಬರ್‌ನಲ್ಲಿ ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು, 2017ರ ಮಾರ್ಚ್‌ನಲ್ಲಿ ಯೋಜನೆ ನಿಂತಿತು. ಆ ಸಾಲಿನಲ್ಲಿ ನಾನೂ ಇದ್ದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ವಿಷಯದಲ್ಲೂ ನನ್ನ ಆತಂಕ ಅದರ ಬಾಯಿಯ ಬಗ್ಗೆಯೇ. ಈಗಾಗಲೇ ಉಸಿರುಗಟ್ಟಿರುವ ಕೂಡುರಸ್ತೆಯ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆದರೆ ಒಳಗೆ ಹೋಗುವವರೂ ಹೊರಗೆ ಬರುವವರೂ ಅಲ್ಲೇ ಸೇರುತ್ತಾರೆ. ಊರಿಗೆ ಬೇಕಾದದ್ದು ಉಪನಗರ ರೈಲು ಮತ್ತು ಹೆಚ್ಚು ಬಸ್ಸು. ಉಪನಗರ ರೈಲಿಗಾಗಿ ಜನ ದಶಕಗಳಿಂದ ಕಾಯುತ್ತಿದ್ದಾರೆ. ಆ ಹಳಿ ಹೆಬ್ಬಾಳ ಸೇತುವೆಯ ಕೆಳಗೇ ಹಾದುಹೋಗುತ್ತದೆ.

ಪ್ರಶ್ನೆ: ನಾನು ಏಳನೆಯ ತರಗತಿ. ಹೆಬ್ಬಾಳ ಎಂದರೆ ಏನು ಅಜ್ಜಿ?

ಉತ್ತರ: ಪುಟ್ಟಾ, ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿದೆ, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ ಎಂಬ ವೀರ ಊರನ್ನು ಕಾಯುತ್ತಾ ಹೋರಾಡಿ ಮಡಿದ ಕಥೆ ಅದರಲ್ಲಿದೆ. ಅದರಲ್ಲಿ ಈ ಜಾಗವನ್ನು ಪೆರ್ಬೊಳಲ್‌ನಾಡು ಎಂದು ಕರೆದಿದ್ದಾರೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳೆಗನ್ನಡದ ಪಾಲು ಈಗ ಹಾಲಾದಂತೆ ಪೆರ್ಬೊಳಲ್ ಹೆಬ್ಬೊಳಲಾಗಿ, ಹೆಬ್ಬಾಳವಾಯಿತು. ಅಪ್ಪ ಅಮ್ಮನ ಜೊತೆ ಹೋಗಿ ಆ ಕಲ್ಲನ್ನು ನೋಡಿ ಬಾ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ಕೆಂಪಾಪುರದಲ್ಲಿದ್ದೇನೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ದಿನಾ ಹೆಬ್ಬಾಳದಲ್ಲಿ ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕು. ಮೇಲೆ ಏನು ಕಟ್ಟಿದರೂ ಕೆಳಗೆ ನಡೆಯುವ ನಮ್ಮ ಪಾಡು ಬದಲಾಗಿಲ್ಲ. ತಗಡಿನ ಬ್ಯಾರಿಕೇಡ್ ದಿನಕ್ಕೊಂದು ಕಡೆ ಇರುತ್ತದೆ. ನಿನ್ನೆ ದಾಟಿದ ದಾರಿ ಇವತ್ತು ಮುಚ್ಚಿರುತ್ತದೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತೇನೆ. ಪಾಳಿಗೆ ಹತ್ತು ನಿಮಿಷ ತಡವಾದರೆ ಸಂಬಳದಲ್ಲಿ ಹಿಡಿಯುತ್ತಾರೆ. ನಮ್ಮನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಲೆಕ್ಕ ಎಂಬ ಮಾತನ್ನು ನೀವು ಬೇರೆ ಅರ್ಥದಲ್ಲಿ ಬಳಸಿದ್ದೀರಿ, ಆದರೆ ನನ್ನ ವೃತ್ತಿಯಲ್ಲಿ ಅದಕ್ಕೆ ನೇರ ಅರ್ಥವೇ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ರಸ್ತೆ ಬದಿಯಲ್ಲಿ ಮರದ ಸ್ಟೂಲಿನ ಮೇಲೆ ಕುಳಿತು ವಾಹನ ಎಣಿಸುತ್ತಿದ್ದೆ. ನಾಲ್ಕು ನಿಂತ ಗೀಟು, ಐದನೆಯದಕ್ಕೆ ಅಡ್ಡಗೀಟು. ಆಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸಬೇಕು. ಕಾರು ಒಂದು, ಸ್ಕೂಟರ್ ಅರ್ಧ, ಬಸ್ಸು ಮತ್ತು ಲಾರಿ ಮೂರು, ಕೈಗಾಡಿ ಮೂರು, ಎತ್ತಿನ ಗಾಡಿ ಎಂಟು. 1990ರ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲೂ ಇದೇ ಪಟ್ಟಿ ಇತ್ತು. ನನಗೆ ಕೊಟ್ಟ ಹಾಳೆಯಲ್ಲಿ ಎತ್ತಿನ ಗಾಡಿಗೆ ಒಂದು ಅಂಕಣವಿತ್ತು. ನಡೆದು ಹೋಗುವವರಿಗೆ ಇರಲಿಲ್ಲ. ಒಂದು ದಿನ ನಾನೇ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ದಾಟುವವರನ್ನೂ ಎಣಿಸಿದೆ. ಸಂಜೆ ಆ ಹಾಳೆಯನ್ನು ಶುದ್ಧಪ್ರತಿ ಮಾಡುವಾಗ ಅಂಚಿನ ಅಂಕಿಗಳಿಗೆ ಜಾಗ ಸಿಗಲಿಲ್ಲ. ಆ ಪೆನ್ಸಿಲ್ ಗೀಟುಗಳು ನನ್ನನ್ನು ಇಂದಿಗೂ ಕಾಡುತ್ತವೆ.

ಆ ಪಟ್ಟಿಯಲ್ಲಿ ಇನ್ನೊಂದು ಅನ್ಯಾಯವೂ ಇದೆ. ನೀವು ಬರುವ ಬಸ್ಸಿನಲ್ಲಿ 60 ಜನ ಇರುತ್ತೀರಿ, ಅದು ರಸ್ತೆಯಲ್ಲಿ ಮೂರು ಕಾರಿನ ಜಾಗ ಹಿಡಿಯುತ್ತದೆ. ಆ ಮೂರು ಕಾರುಗಳಲ್ಲಿ ಒಟ್ಟು ನಾಲ್ಕೈದು ಜನ ಇದ್ದಾರು. ಸೇತುವೆಯ ಮೇಲೆ ಎಷ್ಟು ವಾಹನ ದಾಟಿತು ಎಂದು ಕೇಳಿದರೆ ಕಾರು ಗೆಲ್ಲುತ್ತದೆ. ಎಷ್ಟು ಜನ ದಾಟಿದರು ಎಂದು ಕೇಳಿದರೆ ನಿಮ್ಮ ಬಸ್ಸು ಗೆಲ್ಲುತ್ತದೆ, ಅದನ್ನು ಹಿಡಿಯಲು ಕೆಸರಲ್ಲಿ ನಡೆಯುವ ನೀವು ಗೆಲ್ಲುತ್ತೀರಿ. ಹೆಬ್ಬಾಳವನ್ನು ಮತ್ತೆ ಕಟ್ಟುತ್ತಿರುವವರು ಕೇಳಬೇಕಾದ ಪ್ರಶ್ನೆ ಎರಡನೆಯದು.

ಏನು ಮಾಡಬಹುದು ಎಂದರೆ, ದೊಡ್ಡ ಕೆಲಸ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಬ್ಯಾರಿಕೇಡ್ ಸರಿಸುವ ಗುತ್ತಿಗೆದಾರ ಪಾದಚಾರಿಗೆ ಬೇರೆ ದಾರಿ ತೆರೆದ ಮೇಲೆಯೇ ಹಳೆಯದನ್ನು ಮುಚ್ಚಬೇಕು. ವಾಹನಗಳಿಗೆ ಹಾಗೆಯೇ ಮಾಡುತ್ತಾರೆ, ಮನುಷ್ಯರಿಗೂ ಮಾಡಲಿ. ಆ ದಾರಿ ಎರಡು ಮೀಟರ್ ಅಗಲವಿರಲಿ, ನೆಲ ಗಟ್ಟಿಯಿರಲಿ, ದೀಪವಿರಲಿ. ಬಸ್ಸು ಬದಲಿಸುವ ನಿಲ್ದಾಣಗಳು ಒಂದಕ್ಕೊಂದು ಹತ್ತಿರ ಬರಲಿ. ಸ್ಕೈವಾಕ್ ಒಂದೇ ಸಾಲದು. ಮೊಣಕಾಲು ನೋವಿನವರು, ಬಸುರಿಯರು, ಅಕ್ಕಿ ಚೀಲ ಹೊತ್ತವರು ಅಷ್ಟು ಮೆಟ್ಟಿಲು ಹತ್ತುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. ಸೇತುವೆ ವಾಹನಗಳನ್ನು ಮೇಲೆ ಒಯ್ಯುತ್ತಿರುವಾಗ ನೆಲದ ಮಟ್ಟ ಕಾಲ್ನಡಿಗೆಯವರದ್ದಾಗಬೇಕು. ಚೆನ್ನೈಯವರು ಕತಿಪಾರದ ಕೆಳಗಿನ ಜಾಗವನ್ನು 2021ರಲ್ಲಿ ಬಸ್ಸು ನಿಲ್ಲುವ, ಜನ ಕೂರುವ ಚೌಕವಾಗಿ ಮಾಡಿದರು. ನಮ್ಮಲ್ಲಿ ಸೇತುವೆಯ ಕೆಳಗೆ ಜಲ್ಲಿ ರಾಶಿ ಮತ್ತು ಕೆಟ್ಟ ಜೀಪುಗಳು ನಿಂತಿರುತ್ತವೆ.

ನನ್ನ ಬಳಿ ಅಧಿಕಾರವಿಲ್ಲ, ಎಣಿಸುವ ಅಭ್ಯಾಸ ಇನ್ನೂ ಉಳಿದಿದೆ. ಈ ಸಂಚಿಕೆ ನಿಮ್ಮ ಕೈ ಸೇರಿದ ನಂತರದ ಮೊದಲ ಶನಿವಾರ ಬೆಳಿಗ್ಗೆ ಏಳೂವರೆಗೆ, ನೀವು ಇಳಿಯುವ ನಿಲ್ದಾಣದಲ್ಲಿ ನಾನು ಇರುತ್ತೇನೆ. ಬಿಳಿ ಕೊಡೆ, ಕೈಯಲ್ಲಿ ಹಲಗೆ ಮತ್ತು ಹಾಳೆ. ನಿಮ್ಮ ಜೊತೆ ಕೆಲಸ ಮಾಡುವವರನ್ನೂ ಕರೆತನ್ನಿ. ನೀವು ಎಂದಿನಂತೆ ದಾಟಿ, ನಾನು ಗಡಿಯಾರ ನೋಡುತ್ತಾ ನಿಮ್ಮ ಹಿಂದೆ ಬರುತ್ತೇನೆ. ಆಮೇಲೆ ಒಂದು ಗಂಟೆ ಅಲ್ಲೇ ನಿಂತು, ದಾಟುವ ಪ್ರತಿಯೊಬ್ಬರಿಗೂ ಒಂದೊಂದು ಗೀಟು ಹಾಕೋಣ, ಈ ಸಲ ಹಾಳೆಯ ನಡುವೆ, ಶಾಯಿಯಲ್ಲಿ. ಆ ಹಾಳೆಯನ್ನು ಯಾವ ಕಚೇರಿಯ ಯಾವ ಮೇಜಿಗೆ ತಲುಪಿಸಬೇಕೆಂಬುದು ನನಗೆ ಗೊತ್ತಿದೆ.